ಕೂಟ ಬಿಟ್ಟವರು

ಮಿಲ್ಪಿಟಾಸ್
೧೪ ಸೆಪ್ಟೆಂಬರ್ ೨೦೨೫

ಮಾಮಾ,

ಒಂದೂವರೆ ವರ್ಷದಿಂದ ನಾನು ಟಿವಿಯವರ ಹತ್ತಿರ ಕೆಲಸ ಮಾಡುತ್ತಿದ್ದೇನೆ. ನೀವು ಅಂದುಕೊಂಡಿರುವ ಎಲೆಕ್ಟ್ರಾನಿಕ್ಸ್ ಗೋದಾಮನ್ನು ಸೇರಿದ ಸ್ವಲ್ಪ ದಿನಕ್ಕೇ ಬಿಟ್ಟೆ. ಕಾಲೇಜು ಫುಟ್‌ಬಾಲ್ ಮ್ಯಾಚುಗಳಲ್ಲಿ ಕ್ಯಾಮರಾದವನು ಮೈದಾನದ ಅಂಚಿನಲ್ಲಿ ಓಡುವಾಗ ಅವನ ಹಿಂದೆ ಕೇಬಲ್ ಹಿಡಿದು ಓಡುತ್ತಾರಲ್ಲ, ಆ ಕೆಲಸ. ಅಮ್ಮನಿಗೆ ಗೊತ್ತು. ಬಂಗಾರೆವ್ವ ಅತ್ತೆಗೂ ಗೊತ್ತು. ನಿಮಗೊಬ್ಬರಿಗೆ ಮುಚ್ಚಿಟ್ಟಿದ್ದೆ. ನೀವು ಕೇಳಲಿಲ್ಲ, ಅದಕ್ಕೇ ಹೇಳಲಿಲ್ಲ ಎಂದು ಬರೆಯಬಹುದಿತ್ತು. ಅದು ಸುಳ್ಳಾಗುತ್ತದೆ. ನೀವು ಕೇಳದ ಹಾಗೆ ಪ್ರತಿ ಸಲವೂ ನಾನೇ ಮಾತು ತಿರುಗಿಸುತ್ತಿದ್ದೆ.

ನನ್ನ ಫೋನನ್ನು ನೀವು ಎತ್ತುತ್ತಿಲ್ಲ, ಅದಕ್ಕೆ ಈ ಕಾಗದ. ಗ್ರೋಸರಿ ಅಂಗಡಿಯವರು ಕಳಿಸುವ ಕೂಪನ್ ಲಕೋಟೆಯನ್ನೂ ಕತ್ತರಿ ಹುಡುಕಿ ಒಡೆದು ಓದುವವರು ನೀವು. ಇದನ್ನು ಓದದೆ ಇಡಲಾರಿರಿ ಎಂಬ ಧೈರ್ಯ ನನಗಿದೆ.

ಗಣಪತಿ ಹಬ್ಬದ ಊಟದಲ್ಲಿ ನಾನು ಆಡಿದ ಮಾತಿಗೆ ನಿಮಗೆ ಸಿಟ್ಟು ಬಂದಿದೆ. ಯಾರೋ ನಿಮ್ಮನ್ನು, 'ಈ ವರ್ಷನೂ ಸ್ಟೇಡಿಯಂ ಟಿಕೆಟ್ ತಗೊಂಡಿಲ್ಲೇನ್ರಿ ಗುರುಶಾಂತಪ್ಪನೋರ?' ಎಂದು ಕೇಳಿದರು. 'ನಮ್ಮ ಕೂಟ ಸತ್ತೈತಿ. ಸತ್ತ ಮನೀಗೆ ಯಾರಾರ ಟಿಕೆಟ್ ತಗೊಂಡು ಹೋಗ್ತಾರೇನು? ರೊಕ್ಕಕ್ಕ ಬಿದ್ದು ಎಲ್ಲಾರೂ ಓಡಿಹೋದ್ರು' ಎಂದಿರಿ. ನಾನು ಸುಮ್ಮನೆ ಕಡುಬು ತಿನ್ನಬೇಕಿತ್ತು. 'ನೀವು ಐದು ಕಂಪನಿ ಬಿಟ್ರಲ್ಲ ಮಾಮಾ, ಅದೇನು ಹವಾ ಬದಲಾಗ್ಲಿ ಅಂತ ಬಿಟ್ರೇನು?' ಎಂದೆ. ಇಡೀ ಪಂಕ್ತಿ ನಕ್ಕಿತು. ನೀವು ತುಪ್ಪದ ಚಮಚವನ್ನು ಅಲ್ಲೇ ಇಟ್ಟು ಗರಾಜಿಗೆ ಹೋದಿರಿ.

ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಎಲ್ಲರ ಎದುರು ಆಡಬಾರದಿತ್ತು, ಅಷ್ಟು ನಿಜ.

ನಿಮ್ಮ ಕೂಟ ನನಗೂ ಸೇರಿದ್ದು ಮಾಮಾ. ಧಾರವಾಡದಿಂದ ಹನ್ನೆರಡನೇ ವಯಸ್ಸಿಗೆ ಬಂದು, ಇಲ್ಲಿನ ಶಾಲೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ ನನ್ನನ್ನು ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋದವರು ನೀವು. 'ಇಲ್ಲೆ ಯಾರೂ ನಿನ್ನ ಇಂಗ್ಲಿಷ್ ಕೇಳಂಗಿಲ್ಲ ತಂಗಿ, ಬರೇ ಒದರು' ಎಂದಿರಿ. ಒದರಿದೆ. ಅಮೆರಿಕದ ಭೂಗೋಳವನ್ನು ಕಲಿತದ್ದೂ ಅಲ್ಲೇ. ಇವತ್ತು ವಾಷಿಂಗ್ಟನ್ನಿನವರು ಬಂದಿದ್ದಾರೆ, ಮುಂದಿನ ವಾರ ನಾವು ಅರಿಜೋನಾಕ್ಕೆ ಎನ್ನುತ್ತ, ಪಶ್ಚಿಮದ ಹನ್ನೆರಡು ಕಾಲೇಜುಗಳು ಒಬ್ಬರ ಊರಿಗೊಬ್ಬರು ಹೋಗಿ ಆಡುತ್ತಿದ್ದವು. ಇಲ್ಲಿಯವರು ಕಾನ್ಫರೆನ್ಸ್ ಅಂದದ್ದಕ್ಕೆ ನೀವು ಕೂಟ ಎಂದು ಹೆಸರಿಟ್ಟಿರಿ. ಟಿವಿಯವರು ಬೇರೆ ಕೂಟಗಳಿಗೆ ಹೆಚ್ಚು ಕೊಟ್ಟರು. ಒಬ್ಬೊಬ್ಬರೇ ಎದ್ದು ನಡೆದರು. ನೀವು ಓದಿದ ನಮ್ಮ ಕಾಲೇಜೂ ಅಟ್ಲಾಂಟಿಕ್ ತೀರದವರ ಕೂಟ ಸೇರಿತು. ಕೊನೆಗೆ ಯಾರೂ ಕರೆಯದೆ ಉಳಿದವರು ಇಬ್ಬರೇ. ಅವರಲ್ಲಿ ಒಬ್ಬರು ನಿಮ್ಮ ಮೂವತ್ತು ವರ್ಷದ ಗೆಳೆಯ ಲೈಲ್ ಅಂಕಲ್‌ನ ಕಾಲೇಜಿನವರು.

ನವೆಂಬರ್‌ನಲ್ಲಿ ಆರೆಗನ್‌ನಲ್ಲಿ, ಅವರ ಊರಿನಲ್ಲೇ, ನನಗೆ ಒಂದು ಮ್ಯಾಚಿನ ಕೆಲಸವಿದೆ. ಲೈಲ್ ಅಂಕಲ್ ಕಂಡರೆ ಏನು ಹೇಳಲಿ?

ನಿಮ್ಮ
ಸಂಯುಕ್ತಾ


ಸರಟೋಗಾ
೨೬ ಸೆಪ್ಟೆಂಬರ್ ೨೦೨೫

ಚಿ. ಸಂಯುಕ್ತಾಳಿಗೆ ಆಶೀರ್ವಾದ.

ಪತ್ರ ಮುಟ್ಟಿತು. ಕತ್ತರಿ ಸಿಗಲಿಲ್ಲ, ಬೆರಳಿನಿಂದಲೇ ಒಡೆದೆ. ಹನ್ನೆರಡನೇ ಇಯತ್ತೆ ಮುಗಿಸದೆ ಬಿಟ್ಟವಳ ಅಕ್ಷರ ಇನ್ನೂ ದುಂಡಗಿರುವುದು ನೋಡಿ ಸಂತೋಷವಾಯಿತು.

ಐದಲ್ಲ, ನಾಲ್ಕು ಕಂಪನಿ ಬಿಟ್ಟಿದ್ದೇನೆ. ಐದನೆಯದು ತಾನೇ ಮುಚ್ಚಿತು. ಜನರ ಮುಂದೆ ಮಾತಾಡುವವರು ಲೆಕ್ಕ ಸರಿಯಾಗಿ ಇಟ್ಟುಕೊಂಡಿರಬೇಕು.

ಕೇಬಲ್ ಎಳೆಯುವುದೂ ಕೆಲಸವೇ. ಅದಕ್ಕೆ ನಾನು ಏನೂ ಅನ್ನುವುದಿಲ್ಲ. ಆದರೆ ಮಧ್ಯಾಹ್ನ ಆಡುತ್ತಿದ್ದ ಆಟವನ್ನು ರಾತ್ರಿ ಏಳೂವರೆಗೆ ಒಯ್ದವರು ಯಾರು, ಮುದುಕರು ಚಳಿಯಲ್ಲಿ ಕೂತು ನೋಡಬೇಕೆಂದು ತೀರ್ಮಾನಿಸಿದವರು ಯಾರು, ಎಂದು ನಿನ್ನ ಮೇಲಿನವರನ್ನು ಒಮ್ಮೆ ಕೇಳು.

ಲೈಲ್ ಕಂಡರೆ ಏನೂ ಹೇಳಬೇಡ.

ಇಂತಿ ನಿನ್ನ ಮಾಮಾ
ಗುರುಶಾಂತಪ್ಪ

ತಾ.ಕ.: ಶೇಂಗಾ ಚಟ್ನಿ ಪುಡಿ ಮಾಡಿದ್ದೇನೆ, ಬಂದು ಒಯ್ಯಲಿ, ಸಿಟ್ಟು ಗಂಡಸಿಗಿದೆ, ಚಟ್ನಿಗಿಲ್ಲ ಎಂದು ನಿನ್ನ ಅತ್ತೆ ಬರೆಸಿದ್ದಾಳೆ.


ಆರೆಗನ್, ಮೋಟೆಲಿನಿಂದ
೯ ನವೆಂಬರ್ ೨೦೨೫

ಮಾಮಾ,

ಏನೂ ಹೇಳಬೇಡ ಎಂದಿದ್ದಿರಿ. ನಾನು ಹೇಳಿದ್ದು ಕಡಿಮೆ, ಕೇಳಿಸಿಕೊಂಡದ್ದು ಹೆಚ್ಚು. ಅದನ್ನೆಲ್ಲ ಇದ್ದ ಹಾಗೆ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಪ್ರಶ್ನೆ. ಏಳೂವರೆಗೆ ಯಾರು ಒಯ್ದರು ಎಂದು ನಮ್ಮ ಪ್ರಸಾರದ ಟ್ರಕ್ಕಿನಲ್ಲಿ ಕೇಳಿದೆ. ಎಲ್ಲರೂ ಮೇಲಕ್ಕೆ ಬೆರಳು ತೋರಿಸಿದರು. ಆ ಮೇಲಿನವರನ್ನು ನಾನು ಇದುವರೆಗೆ ನೋಡಿಲ್ಲ. ಮೈದಾನದಲ್ಲಿ ನನಗೆ ಕಾಣುವ ಟಿವಿ ಎಂದರೆ ಕೆಂಪು ಟೋಪಿಯವನೊಬ್ಬ. ಅವನು ಗೆರೆಯ ಹತ್ತಿರ ನಿಂತು ಕೈ ಕಟ್ಟಿದನೆಂದರೆ ಜಾಹೀರಾತು ನಡೆಯುತ್ತಿದೆ ಎಂದರ್ಥ. ಅವನು ಕೈ ಬಿಡುವವರೆಗೆ ಆಟಗಾರರು, ಅಂಪೈರುಗಳು, ಸ್ಟೇಡಿಯಂ ತುಂಬ ಜನ, ಎಲ್ಲರೂ ಕಾಯುತ್ತಾರೆ. ಮೊದಲ ದಿನ ಅದನ್ನು ನೋಡಿದಾಗ ನೀವು ನೆನಪಾದಿರಿ. 'ಆಟಾ ಯಾಕ ನಿಂತೈತಿ? ಯಾಂವ ಸತ್ತಾನ?' ಎಂದು ಎದ್ದು ನಿಂತು ಕೂಗುತ್ತಿದ್ದಿರಲ್ಲ. ಯಾರೂ ಸತ್ತಿರಲಿಲ್ಲ ಮಾಮಾ. ಜಾಹೀರಾತಿನಲ್ಲಿ ಯಾರೋ ಟ್ರಕ್ ಮಾರುತ್ತಿದ್ದರು.

ಕೇಬಲ್ ಹಾಸಿ ಮುಗಿದ ಮೇಲೆ ಊಟದ ಬಿಡುವಿನಲ್ಲಿ ಪಾರ್ಕಿಂಗ್ ಲಾಟಿಗೆ ಹೋದೆ. ಲೈಲ್ ಅಂಕಲ್ ಅದೇ ಬಿಳಿ ಕ್ಯಾಂಪರಿನ ಮುಂದೆ ಅದೇ ಮಡಚು ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಕುರ್ಚಿ ಖಾಲಿ. ಅವರ ಇಂಗ್ಲಿಷನ್ನು ನಮ್ಮ ಹುಬ್ಬಳ್ಳಿ ಕಡೆಯ ಮಾತಿಗೆ ತಂದರೇ ಸರಿ ಹೊಂದುತ್ತದೆ, ಆ ಮನುಷ್ಯ ಮಾತಾಡುವುದೇ ಹಾಗೆ.

'ಗುರೂನ ತಂಗೀ ಮಗಳಲ್ಲೇನ ನೀ? ಎಷ್ಟುದ್ದ ಬೆಳದೀ ಬೇ!'

'ಹೌದು ಅಂಕಲ್. ಟಿವಿಯವರ ಜೊತೆ ಬಂದೀನಿ.'

'ಟಿವಿಯವರ ಜೊತೀಗೆ? ಹಂಗಾರ ಕೂಡಬ್ಯಾಡ, ನಿಂತ ಮಾತಾಡು.' ಆಮೇಲೆ ನಕ್ಕು ಕುರ್ಚಿ ತಳ್ಳಿದರು. ಹೊಲದಲ್ಲಿ ಬೆಳೆಯುವ ಹುಲ್ಲಿನ ಬೀಜಕ್ಕೆ ಈ ವರ್ಷ ಬೆಲೆ ಇಲ್ಲ, ಮನೆ ಮುಂದೆ ಹುಲ್ಲು ಬೆಳೆಸುವವರು ಕಡಿಮೆಯಾಗಿದ್ದಾರೆ, ಎಂದರು. ಮೊಣಕಾಲಿನ ಆಪರೇಷನ್ ಆಯಿತಂತೆ. ನಿಮ್ಮ ಬಗ್ಗೆ ಕೇಳಲೇ ಇಲ್ಲ. ನಾನೇ, 'ಮಾಮಾ ಆರಾಮ ಇದ್ದಾರೆ' ಎಂದೆ.

'ಇರ್ಲಿ ಬಿಡು. ಅಂವ ನನ್ನ ಬಿಟ್ಟಾನ.'

'ಯಾಕೆ ಹಾಗಂತೀರಿ?'

'ಆಟದ ದಿನ ನಾವು ಕೂಡಿ ಉಣ್ಣೂ ನನ್ನ ಬೋಗಾಣಿ ವಾಪಸ್ ಕಳಿಸ್ಯಾನ. ನಿನಗ ರಿವಾಜ ಗೊತ್ತೈತಲ್ಲ? ಸೋತಾಂವ ಹೊಲಸ ಬೋಗಾಣಿ ಮನೀಗೆ ಒಯ್ಯೂದು, ತಿಕ್ಕೂದು, ಮುಂದಿನ ಆಟಕ್ಕ ತರೂದು. ಮೂವತ್ತು ವರ್ಷದ್ದು. ಕಡೀ ಆಟದಾಗ ಗುರು ಸೋತಾನ. ಬೋಗಾಣಿ ಅವನ ಮನ್ಯಾಗ ಇರಬೇಕಾಗಿತ್ತು. ಪಾರ್ಸಲ್ ಮಾಡಿ ಕಳಿಸಿಬಿಟ್ಟ! ಒಂದ ಚೀಟಿ ಸೈತ ಇಲ್ಲ. ಇನ್ನ ಆಟಾ ಇಲ್ಲ, ನಿನ್ನ ಸಾಮಾನ ನೀ ಇಟಗೋ ಅಂದಂಗಾತಿಲ್ಲೋ?'

'ಒಳಗೇನೂ ಇರಲಿಲ್ವಾ ಅಂಕಲ್?'

'ಇತ್ತು ಏನೋ ಚಪಾತಿ ಹಂಗ, ಒಳಗ ಸಿಹಿ ತುಂಬಿದ್ದು. ನನಗ ತಿನ್ನೂ ಮನಸ್ಸು ಆಗ್ಲಿಲ್ಲ. ನಾಯಿ ತಿಂತು.'

ಕ್ಷಮಿಸಿ ಮಾಮಾ. ಅದು ಅತ್ತೆಯ ಶೇಂಗಾ ಹೋಳಿಗೆ ಎಂದು ನನಗೆ ಗೊತ್ತಾಯಿತು. ಅಂಕಲ್‌ಗೆ ಹೇಳಲಿಲ್ಲ. ಅಷ್ಟರಲ್ಲಿ ಟ್ರಕ್ಕಿನಿಂದ ಕರೆ ಬಂತು.

ನೀವು ಅವರನ್ನು ನಿಜವಾಗಿಯೂ ಬಿಟ್ಟಿರಾ?

ಸಂಯು


ಸರಟೋಗಾ
೧೮ ಡಿಸೆಂಬರ್ ೨೦೨೫

ಸಂಯು,

ಉತ್ತರ ತಡವಾಯಿತು. ಬರೆದು ಹರಿದು ಹಾಕುವ ರೋಗ ಹತ್ತಿದೆ.

ನಾವು ಇನ್ನೊಬ್ಬರ ಪಾತ್ರೆಯನ್ನು ಖಾಲಿ ಹಿಂತಿರುಗಿಸುವವರಲ್ಲ. ನಿನ್ನ ಅಜ್ಜಿ ನೆರೆಯವರ ಬಟ್ಟಲು ಕೊಡುವಾಗ ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತಿದ್ದಳು. ಆಟವಿಲ್ಲವಾದ ಮೇಲೆ ಅವನ ಪಾತ್ರೆಯನ್ನು ನಾನು ಯಾವ ಬಾಯಿಂದ ಇಟ್ಟುಕೊಳ್ಳಲಿ? ಅದಕ್ಕೆ ತುಂಬಿ ಕಳಿಸಿದೆ. ತುಂಬಿ ಕಳಿಸಿದ ಪಾತ್ರೆಯ ಜೊತೆ ಚೀಟಿ ಇಡಬೇಕೆಂದು ನನಗೆ ಹೊಳೆಯಲಿಲ್ಲ. ಮೂವತ್ತು ವರ್ಷ ನಮ್ಮ ಕೈಯ ಊಟ ಉಂಡವನಿಗೆ ಅಷ್ಟು ತಿಳಿಯುತ್ತದೆ ಎಂದುಕೊಂಡೆ. ಅವನಿಗೇನು, ಪಾತ್ರೆ ಹೋದರೆ ಸಂಬಂಧ ಹೋಯಿತು. ನಮ್ಮಲ್ಲಿ ಅದು ತದ್ವಿರುದ್ಧ ಎಂದು ಅವನಿಗೆ ಯಾರು ಹೇಳಬೇಕಿತ್ತು? ನಾನೇ. ಹೇಳಲಿಲ್ಲ.

ನಾಯಿಯ ಸಂಗತಿಯನ್ನು ನಿನ್ನ ಅತ್ತೆಗೆ ತಿಳಿಸಿಲ್ಲ. ನೀನೂ ತಿಳಿಸಬೇಡ.

ಮುಂದೆ ಬೇರೆ ವಿಷಯ ಬರೆ. ಹನ್ನೆರಡನೇ ಇಯತ್ತೆಯ ಆ ಪರೀಕ್ಷೆಗೆ ಕಟ್ಟುವ ವಿಚಾರ ಎಲ್ಲಿಗೆ ಬಂತು? ಶಾಲೆಗೆ ಹೋಗದೆಯೂ ಬರೆಯಬಹುದು ಎಂದು ನೀನೇ ಹೇಳಿದ್ದೆ.

ಮಾಮಾ


ನಾರ್ತ್ ಕ್ಯಾರೋಲಿನಾ, ವಿಮಾನ ನಿಲ್ದಾಣ
೨೩ ಜನವರಿ ೨೦೨೬

ಮಾಮಾ,

ಪರೀಕ್ಷೆಯ ವಿಚಾರ ಎಲ್ಲಿಗೂ ಬಂದಿಲ್ಲ. ಪುಸ್ತಕ ಕೊಂಡಿದ್ದೇನೆ, ತೆರೆದಿಲ್ಲ. ಬೇರೆ ವಿಷಯ ಮುಗಿಯಿತು.

ನಿನ್ನೆ ಇಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ಇತ್ತು, ನಮ್ಮವರದು. ಫುಟ್‌ಬಾಲಿನವರಿಗೆ ತಮಗೆಂದೇ ಗೊತ್ತುಮಾಡಿದ ವಿಮಾನವಾದರೂ ಇರುತ್ತದೆ. ಎಲ್ಲ ತಂಡಗಳಿಗೂ ಹಾಗಿಲ್ಲ. ಈಗ ನನ್ನ ಎದುರಿಗೆ ಇನ್ಯಾವುದೋ ಆಟದ ಹುಡುಗಿಯರು ನೆಲದ ಮೇಲೆ ಚೀಲ ತಲೆಗಿಟ್ಟು ಮಲಗಿದ್ದಾರೆ. ಒಬ್ಬಳು ಗೋಡೆಗೆ ಒರಗಿ ಗಣಿತ ಮಾಡುತ್ತಿದ್ದಾಳೆ. ಅವಳ ಜಾಕೆಟ್ಟಿನ ಮೇಲೆ ನಮ್ಮ ಕಾಲೇಜಿನ ಹೆಸರು. 'ಕ್ಲಾಸ್ ಯಾವಾಗ?' ಎಂದು ಕೇಳಿದೆ. 'ಇವತ್ತಿತ್ತು' ಎಂದಳು. ನಾನು ಶಾಲೆ ಬಿಟ್ಟವಳು, ಅವಳು ಬಿಡದೆ ಹಿಡಿದುಕೊಂಡವಳು; ಇಬ್ಬರೂ ಒಂದೇ ವಿಮಾನಕ್ಕೆ ಕಾಯುತ್ತಿದ್ದೇವೆ. ನನ್ನ ಸಂಬಳ ಬರುವುದೂ ಅದೇ ಟಿವಿ ದುಡ್ಡಿನಿಂದ. ಅದನ್ನು ಬೈದು ಅದನ್ನೇ ಉಣ್ಣುವುದು ನನಗಾಗದು. ಹಾಗೆಂದು ಹೊಗಳಲೂ ಆಗುತ್ತಿಲ್ಲ.

ಒಂದು ವಿಷಯ ನನಗೆ ಅರ್ಥವಾಗಿಲ್ಲ. ಕೂಟ ಬಿಟ್ಟದ್ದು ಕಾಲೇಜು. ನೀವಲ್ಲ. ನೀವು ಅಲ್ಲಿ ಓದಿ ಬಹಳ ವರ್ಷವಾಯಿತು. ಟಿಕೆಟ್ ಕೊಂಡು ಕೂಗುವವರು ನೀವು, ಅಷ್ಟೆ. ಲೈಲ್ ಅಂಕಲ್ ಕೂಡ ಕಾಲೇಜನ್ನು ಬೈಯುತ್ತಾರೆ, ನಿಮ್ಮನ್ನಲ್ಲ. ಆದರೂ ನೀವು ಅವರಿಗೆ ಮುಖ ತೋರಿಸುತ್ತಿಲ್ಲ. ಒಂದು ಫೋನಿಲ್ಲ. ಚೀಟಿ ಇಡಲು ಹೊಳೆಯಲಿಲ್ಲ ಎಂದು ಬರೆದಿದ್ದೀರಿ. ನನಗೆ ನಂಬಿಕೆ ಬರುತ್ತಿಲ್ಲ ಮಾಮಾ. ಕರೆಂಟ್ ಬಿಲ್ಲಿನ ಚೆಕ್ಕಿನ ಜೊತೆಗೂ 'ವಂದನೆಗಳು' ಎಂದು ಚೀಟಿ ಇಡುವವರು ನೀವು.

ಬೈದರೆ ಬೈಯಿರಿ.

ಸಂಯು


ಸರಟೋಗಾ
೧೯ ಫೆಬ್ರವರಿ ೨೦೨೬

ಸಂಯು,

ಬೈಯುವುದಿಲ್ಲ. ಇದನ್ನು ಓದಿದ ಮೇಲೆ ನಿನಗೆ ಬೈಯಬೇಕೆನಿಸಿದರೆ ಬೈ.

೨೦೨೩ರ ಆಗಸ್ಟಿನಲ್ಲಿ, ಕೂಟ ಒಡೆಯುತ್ತಿದ್ದ ವಾರ, ನಮ್ಮ ಕಡೆಯ ಹಳೆಯ ವಿದ್ಯಾರ್ಥಿಗಳು ಕೆಲವರು ಸ್ಯಾನ್ ಮಟಿಯೋದಲ್ಲಿ ಒಂದು ಹೋಟೆಲಿನ ಹಾಲಿನಲ್ಲಿ ಸೇರಿದೆವು. ಯಾರೋ ಕರೆದ ಅಧಿಕೃತ ಸಭೆಯಲ್ಲ. ನಮ್ಮಂಥ ಅಭಿಮಾನಿಗಳೇ ಕೂಡಿಕೊಂಡದ್ದು. ಒಬ್ಬ ಈಜುವ ಹುಡುಗಿ ಎದ್ದು ನಿಂತಳು. ನಿನ್ನಷ್ಟೇ ವಯಸ್ಸು. ದೊಡ್ಡ ಕೂಟಕ್ಕೆ ಹೋಗದೆ ಟಿವಿ ದುಡ್ಡು ಬರದಿದ್ದರೆ ನಮ್ಮಂಥ ಸಣ್ಣ ಆಟಗಳನ್ನು ಮೊದಲು ಮುಚ್ಚುತ್ತಾರೆ ಎಂಬ ಹೆದರಿಕೆ ಇದೆ, ನಮ್ಮ ಮ್ಯಾಚಿಗೆ ನಿಮ್ಮಲ್ಲಿ ಯಾರೂ ಬರುವುದಿಲ್ಲ, ಆದರೂ ಕೇಳುತ್ತಿದ್ದೇನೆ, ಎಂದಳು. ಆಮೇಲೆ ಒಬ್ಬರು, ಪೂರ್ವದ ಕೂಟಕ್ಕೆ ಹೋಗುವುದು ಒಳ್ಳೆಯದು ಎನ್ನುವವರು ಕೈ ಎತ್ತಿ ಎಂದರು.

ನಾನು ಕೈ ಎತ್ತಿದೆ.

ನಮ್ಮ ಕೈಗೆ ಬೆಲೆ ಇರಲಿಲ್ಲ. ತೀರ್ಮಾನ ಮಾಡುವವರು ಬೇರೆ ಇದ್ದರು. ಒತ್ತಾಯವೂ ಇರಲಿಲ್ಲ. ಪಕ್ಕದವನು ಎತ್ತಲಿಲ್ಲ, ನಾನು ಎತ್ತಿದೆ. ಎತ್ತುವಾಗ ಲೈಲ್ ನೆನಪಿಗೆ ಬಂದ. ನಾವೂ ಎದ್ದು ಹೋದರೆ ಅವರು ಅಲ್ಲೇ ಉಳಿಯುತ್ತಾರೆ ಎಂದು ಗೊತ್ತಿತ್ತು. ಕೈ ಇಳಿಸಲಿಲ್ಲ.

ಅವತ್ತು ಸಂಜೆಯೇ ಅವನ ಫೋನ್ ಬಂತು. 'ಗುರು, ನಿಮ್ಮವರು ಏನು ಮಾಡ್ತಾರ?' ಎಂದ. 'ಗೊತ್ತಿಲ್ಲ ಲೈಲ್' ಎಂದೆ. ಆ ಶರತ್ಕಾಲದಲ್ಲಿ ಕೊನೆಯ ಆಟಕ್ಕೆ ಸೇರಿದೆವು. ಅವನು ನಿನ್ನ ಅತ್ತೆಯ ಎಣ್ಣೆಗಾಯಿ ಉಂಡು, 'ನಿಮ್ಮ ಕಾಲೇಜು ಹಾಳಾಗಿ ಹೋಗಲಿ, ನೀನು ಮಾತ್ರ ಚೆನ್ನಾಗಿರು' ಎಂದು ಬೆನ್ನಿಗೆ ಗುದ್ದಿದ. ನೀನೂ ಅಲ್ಲಿದ್ದೆ, ನಗುತ್ತಿದ್ದೆ. ಆಗಲಾದರೂ ಹೇಳಬಹುದಿತ್ತು.

ಹಬ್ಬದ ದಿನ ಗರಾಜಿಗೆ ಹೋದದ್ದು ನೀನು ಅವಮಾನ ಮಾಡಿದೆಯೆಂದಲ್ಲ. ನೀನು ಹೇಳಿದ್ದು ಸರಿಯಿತ್ತು, ನಿನಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚು ಸರಿಯಿತ್ತು.

ಇದನ್ನು ನಿನ್ನ ಅತ್ತೆಗೂ ಹೇಳಿರಲಿಲ್ಲ. ಈ ಪತ್ರ ಬರೆಯುವ ಮೊದಲು ಹೇಳಿದೆ. 'ಇಷ್ಟಕ್ಕ ಎರಡೂವರಿ ವರ್ಷ ಮುಖಾ ಗಂಟ ಹಾಕ್ಕೊಂಡು ಕುಂತಿದ್ರೇನು? ನಾ ಷುಗರ್ ಬಂದೈತಿ ಅಂತ ಅನ್ಕೊಂಡಿದ್ದೆ' ಎಂದಳು.

ಮಾಮಾ


ಮಿಲ್ಪಿಟಾಸ್
೧ ಮಾರ್ಚ್ ೨೦೨೬

ಮಾಮಾ,

ಬೈಯಬೇಕೆಂದು ಪ್ರಯತ್ನಿಸಿದೆ. ಆಗಲಿಲ್ಲ.

ಆ ಈಜುವ ಹುಡುಗಿಯ ಎದುರು ಕೂತಿದ್ದರೆ ನಾನೂ ಕೈ ಎತ್ತುತ್ತಿದ್ದೆ. 'ಗೊತ್ತಿಲ್ಲ' ಎಂದು ಮಾತ್ರ ಹೇಳುತ್ತಿರಲಿಲ್ಲ. ನೀವು ಹೇಳಿದಿರಿ. ಏಕೆಂದು ನನಗೆ ಅರ್ಥವಾಗುತ್ತದೆ: ಮೂವತ್ತು ವರ್ಷದ ಗೆಳೆಯ, ಎಲ್ಲಿ ದೂರವಾಗುತ್ತಾನೋ ಎಂಬ ಹೆದರಿಕೆ. ಆದರೂ ಅದು ಸುಳ್ಳೇ.

ನಾನು ಶಾಲೆ ಬಿಟ್ಟ ದಿನ ನೆನಪಿದೆಯೇ? ಬಿಟ್ಟ ಸಂಜೆಯೇ ಮನೆಯಲ್ಲಿ ಹೇಳಿದೆ. ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಅಮ್ಮ ಅತ್ತಳು. ಪಕ್ಕದ ಟೌನ್‌ಹೌಸಿನವರು, ನಿಮ್ಮ ಮಗಳಿಗೆ ಏನಾದರೂ ಕಾಯಿಲೆಯೇ ಎಂದು ಕೇಳಿದರು. ನೀವು ಸರಟೋಗಾದಿಂದ ಬಂದು, 'ಬಿಟ್ಟದ್ದು ಬಿಟ್ಟಿ, ಬಂದು ಹೇಳಿದಿ, ಛಲೋ ಮಾಡಿದಿ. ಈಗ ಉಣ್ಣು' ಎಂದಿರಿ. ಆ ದಿನ ಉಂಡೆ. ಅಷ್ಟು ಧೈರ್ಯ ನನಗೆ ಕೊಟ್ಟವರಿಗೆ ಅದನ್ನೇ ತಿರುಗಿ ಹೇಳಲು ನಾಚಿಕೆಯಾಗುತ್ತದೆ. ಹೇಳುತ್ತೇನೆ: ಲೈಲ್ ಅಂಕಲ್‌ಗೆ ಬರೆಯಿರಿ. ಪಾತ್ರೆಯದನ್ನೂ ಬರೆಯಿರಿ, ಕೈಯದನ್ನೂ ಬರೆಯಿರಿ. ಕೈಯದನ್ನು ಬಿಟ್ಟು ಪಾತ್ರೆಯದನ್ನಷ್ಟೇ ಬರೆದರೆ ಅವರು ಅದನ್ನು ನಂಬಿ ನಿಮ್ಮನ್ನು ಕ್ಷಮಿಸಿಬಿಡುತ್ತಾರೆ, ಆಮೇಲೆ ನೀವು ಇನ್ನಷ್ಟು ಕುಗ್ಗುತ್ತೀರಿ.

ನಿಮ್ಮ ಪರವಾಗಿ ನಾನು ಹೇಳುವುದಿಲ್ಲ. ಮುಂದಿನ ವಾರ ಅವರ ಕಡೆಯ ಬೇಸ್‌ಬಾಲ್ ಕೆಲಸ ಬಂದಿತ್ತು. ಒಲ್ಲೆ ಎಂದೆ. ಅವರು ಎದುರಿಗೆ ಸಿಕ್ಕರೆ ನನ್ನ ಬಾಯಿ ನಿಲ್ಲುವುದಿಲ್ಲ.

ಸಂಯು


ಸರಟೋಗಾ
೧೬ ಏಪ್ರಿಲ್ ೨೦೨೬

ಸಂಯು,

ಬರೆದೆ. ಎರಡನ್ನೂ ಬರೆದೆ. ಅಂಚೆಗೆ ಹಾಕಿ ಮೂರು ವಾರವಾಯಿತು.

ದಿನಾ ಅಂಚೆಯವಳ ಗಾಡಿ ಬರುವ ಹೊತ್ತಿಗೆ ಗುಲಾಬಿ ಗಿಡಕ್ಕೆ ನೀರು ಹಾಕುತ್ತ ನಿಲ್ಲುತ್ತೇನೆ. 'ಆ ಗಿಡಾ ಮುಳುಗಿ ಸಾಯ್ತದ, ಬ್ಯಾರೆ ಗಿಡಕ್ಕೂ ಹಾಕ್ರಿ' ಎಂದು ನಿನ್ನ ಅತ್ತೆ ಕಿಟಕಿಯಿಂದ ಕೂಗುತ್ತಾಳೆ. ಬರೇ ಕೂಪನ್ ಬರುತ್ತಿವೆ.

ಅವನು ಬರೆಯದಿದ್ದರೆ ಅದಕ್ಕೂ ನಾನು ತಕ್ಕವನೇ. ಬರೆಯಲಿ ಎಂದು ಮನಸ್ಸು ಕೇಳುತ್ತದೆ.

ನೀನು ಈ ಭಾನುವಾರ ಬಾ. ಫೋನ್ ಮಾಡಿದರೂ ಎತ್ತುತ್ತೇನೆ. ಆದರೆ ಕಾಗದ ನಿಲ್ಲಿಸಬೇಡ. ಬಾಯಲ್ಲಿ ಹೇಳಲಾಗದ್ದನ್ನು ಕಾಗದದಲ್ಲಿ ಹೇಳಿದ್ದೇನೆ, ರೂಢಿ ತಪ್ಪಿದರೆ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತೇನೆ.

ಮಾಮಾ


ಸರಟೋಗಾ
೨೮ ಮೇ ೨೦೨೬

ಸಂಯು,

ಲೈಲ್‌ನ ಉತ್ತರ ಬಂದಿದೆ. ಟ್ರ್ಯಾಕ್ಟರ್ ಅಂಗಡಿಯ ರಸೀದಿಯ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದಾನೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

'ಗುರು, ನಿನ್ನ ಕಾಗದ ಓದಿದೆ. ನಮ್ಮ ಕಾಲೇಜನ್ನು ಯಾರಾದರೂ ಕರೆದಿದ್ದರೆ ನಾವೂ ಹೋಗುತ್ತಿದ್ದೆವು. ನಾನು ಎರಡೂ ಕೈ ಎತ್ತುತ್ತಿದ್ದೆ. ಆದರೆ ಅವತ್ತೇ ನಿನಗೆ ಫೋನ್ ಮಾಡಿ ಹೇಳುತ್ತಿದ್ದೆ. ಆ ತಿಂಡಿ ನಾಯಿಯ ಪಾಲಾದದ್ದಕ್ಕೆ ನಿನ್ನ ಹೆಂಡತಿಯ ಕ್ಷಮೆ ಕೇಳುತ್ತೇನೆ. ಜೂನ್ ಕೊನೆಗೆ ಹುಲ್ಲಿನ ಕೊಯ್ಲು ಶುರುವಾಗುತ್ತದೆ. ಆಮೇಲೆ ಆಗಸ್ಟ್‌ವರೆಗೆ ನಾನು ಯಾರ ಕೈಗೂ ಸಿಗುವುದಿಲ್ಲ. ಲೈಲ್.'

ಇಷ್ಟೇ. ಫೋನ್ ಮಾಡಿ ಹೇಳುತ್ತಿದ್ದೆ ಎಂಬ ಸಾಲು ಎದೆಗೆ ನಾಟಿದೆ. ಅದು ನಾಟಲಿ ಎಂದೇ ಬರೆದಿದ್ದಾನೆ. ಕೊನೆಯದು ಏನು ಎಂದು ತಿಳಿಯುತ್ತಿಲ್ಲ. ಕೊಯ್ಲಿಗೆ ಮುಂಚೆ ಬಾ ಎನ್ನುತ್ತಿದ್ದಾನೋ, ಕೆಲಸವಿದೆ, ತೊಂದರೆ ಕೊಡಬೇಡ ಎನ್ನುತ್ತಿದ್ದಾನೋ. ಬಾ ಎಂಬ ಮಾತೇ ಇಲ್ಲ.

ಮೂವತ್ತು ವರ್ಷವೂ ನಮಗೆ ತಾರೀಖು ಕೊಟ್ಟದ್ದು ಆಟ. ಇಂಥ ಶನಿವಾರ ಇಲ್ಲಿ, ಮುಂದಿನ ವರ್ಷ ಇಂಥ ಶನಿವಾರ ಅಲ್ಲಿ. ನಾವಾಗಿ ನಾವು ಒಮ್ಮೆಯೂ ಬಾ ಎಂದು ಕರೆದುಕೊಂಡವರಲ್ಲ, ಅದರ ಅಗತ್ಯವೇ ಬಿದ್ದಿರಲಿಲ್ಲ. ಜೂನ್ ತಿಂಗಳಲ್ಲಿ ಏನೆಂದು ಹೇಳಿ ಅವನ ಬಾಗಿಲಿಗೆ ಹೋಗಲಿ? ಇದನ್ನೇ ನಿನ್ನ ಅತ್ತೆಗೆ ಕೇಳಿದೆ.

'ಮನಶ್ಯಾನ ನೋಡಾಕೂ ಟಿಕೆಟ್ ಬೇಕೇನ್ರಿ ನಿಮಗ?' ಎಂದಳು. ಆಮೇಲೆ ಗಟ್ಟಿಯಾಗಿ, 'ನಾಯಿ ಏನ ತಿಂತು, ಅದನ್ನ ಮೊದಲ ಹೇಳ್ರಿ' ಎಂದಳು. ರಸೀದಿ ಮೇಜಿನ ಮೇಲೆಯೇ ಇತ್ತು.

ಅಷ್ಟು ದೂರ ಒಬ್ಬನೇ ಕಾರು ಓಡಿಸಲು ನನಗೀಗ ಆಗುವುದಿಲ್ಲ. ನಿನಗೆ ಕೆಲಸವಿರುತ್ತದೆ, ಗೊತ್ತು. ಸುಮ್ಮನೆ ಬರೆದೆ.

ಮಾಮಾ


ಮಿಲ್ಪಿಟಾಸ್
೧೫ ಜೂನ್ ೨೦೨೬

ಮಾಮಾ,

ಇದಕ್ಕೆ ಅಂಚೆಚೀಟಿ ಇಲ್ಲ. ಸಂಜೆ ನಾನೇ ಬಂದು ನಿಮ್ಮ ಬಾಗಿಲ ಕೆಳಗೆ ತೂರಿಸಿ ಹೋಗುತ್ತೇನೆ. ಗಂಟೆ ಒತ್ತುವುದಿಲ್ಲ. ಒತ್ತಿದರೆ ಅತ್ತೆ ಊಟಕ್ಕೆ ಕೂರಿಸುತ್ತಾಳೆ, ನೀವು ಹವಾಮಾನದ ಮಾತಾಡುತ್ತೀರಿ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ.

ಸುಮ್ಮನೆ ಬರೆದೆ ಎಂದಿದ್ದಿರಿ. ನೀವು ಸುಮ್ಮನೆ ಏನನ್ನೂ ಬರೆಯುವುದಿಲ್ಲ. ಸಾಂತಾ ಕ್ಲಾರಾದಲ್ಲಿ ವರ್ಲ್ಡ್ ಕಪ್ ನಡೆಯುತ್ತಿದೆ, ಕೇಬಲ್ ಹಿಡಿಯುವ ಕೈ ಸಾಲುತ್ತಿಲ್ಲ. ಮೇಲಿನವನಿಗೆ ನಾಲ್ಕು ದಿನ ಬರುವುದಿಲ್ಲ ಎಂದೆ. 'ಈ ವಾರನೇ ಆಗ್ಬೇಕಾ? ಯಾರಿಗಾದ್ರೂ ಹುಷಾರಿಲ್ವಾ?' ಎಂದ. ಹೌದು ಎಂದಿದ್ದರೆ ಸಲೀಸಾಗಿ ಬಿಡುತ್ತಿದ್ದ. ಇಲ್ಲ, ನಮ್ಮ ಮಾಮಾ ಗೆಳೆಯನ ಮನೆಗೆ ಹೋಗಬೇಕು, ಎಂದೆ. ಅವನು ಬೇರೆಯವರನ್ನು ಹುಡುಕಲು ಫೋನ್ ಎತ್ತಿಕೊಂಡ. ಮತ್ತೆ ಕರೆಯುತ್ತಾನೋ ಇಲ್ಲವೋ, ನೋಡೋಣ.

ನಿನ್ನೆ ಲೈಲ್ ಅಂಕಲ್‌ಗೆ ಫೋನ್ ಮಾಡಿದೆ. ನಿಮ್ಮನ್ನು ಕೇಳದೆ ಮಾಡಿದೆ. ಮಂಗಳವಾರ ಸಂಜೆಯ ಹೊತ್ತಿಗೆ ಮಾಮಾನನ್ನು ಕರೆದುಕೊಂಡು ಬರುತ್ತಿದ್ದೇನೆ ಎಂದೆ. ಹಿಂದೆ ಯಾವುದೋ ಯಂತ್ರ ಓಡುತ್ತಿತ್ತು, ಅದನ್ನು ನಿಲ್ಲಿಸಿ ಬಂದರು. 'ಮಂಗಳವಾರ ಆಟಾ ಯಾವುದೂ ಇಲ್ಲಲ್ಲ' ಎಂದರು. ಇಲ್ಲ ಎಂದೆ. 'ಸರಿ' ಎಂದು ಫೋನ್ ಇಟ್ಟರು. ಆ 'ಸರಿ'ಯಲ್ಲಿ ಏನಿತ್ತೆಂದು ನನಗೆ ತಿಳಿಯಲಿಲ್ಲ. ತಿಳಿಯಿತು ಎಂದು ನಿಮ್ಮ ಸಮಾಧಾನಕ್ಕೆ ಬರೆಯಲಾರೆ.

ಅವರು ಅಂಗಳದಲ್ಲೇ ನಿಲ್ಲಿಸಿ ಎರಡು ಮಾತಾಡಿ ಕಳಿಸಬಹುದು. ಒಳಗೆ ಕರೆದು ಬೈಯಬಹುದು. ಕಾಗದದಲ್ಲಿ ಬರೆದದ್ದನ್ನು ನೀವು ಅವರ ಮುಖ ನೋಡಿ ಇನ್ನೊಮ್ಮೆ ಹೇಳಬೇಕು. ನಾನು ಕಾರಿನಲ್ಲೇ ಇರುತ್ತೇನೆ, ಮಧ್ಯೆ ಬಾಯಿ ಹಾಕುವುದಿಲ್ಲ. ಅವರು ಕಳಿಸಿಬಿಟ್ಟರೆ, ಗಡಿ ದಾಟಿ ಕ್ಯಾಲಿಫೋರ್ನಿಯಾ ಬರುವವರೆಗೆ ನಾನು ಒಂದು ಮಾತೂ ಆಡುವುದಿಲ್ಲ. ಅದರಾಚೆಗೆ ಮಾತು ಕೊಡಲಾರೆ.

ಅತ್ತೆಯೂ ಬರುತ್ತಾಳಂತೆ. ಆ ನಾಯಿಯನ್ನು ಒಮ್ಮೆ ನೋಡಬೇಕಂತೆ.

ಮಾಮಾ, ಅವರು ಏನೇ ಮಾಡಲಿ, ಆಟವಿಲ್ಲದ ದಿನ ನೀವು ಅವರ ಬಾಗಿಲಿಗೆ ಹೋದಿರಿ ಎಂಬುದನ್ನು ಯಾರೂ ಅಳಿಸಲಾರರು. ನನಗೆ ಅಷ್ಟು ಸಾಕು. ನಿಮಗೆ ಸಾಲದೆಂದೂ ಗೊತ್ತು.

ಗುಳಿಗೆ, ಕನ್ನಡಕ, ದಪ್ಪ ಸ್ವೆಟರ್ ಇಟ್ಟುಕೊಳ್ಳಿ. ಟೈರಿಗೆ ಗಾಳಿ ತುಂಬಿಸಿದ್ದೇನೆ. ಟ್ರಾಫಿಕ್ ಶುರುವಾಗುವ ಮುಂಚೆ ಫ್ರೀವೇ ಸೇರಬೇಕು. ನಾಳೆ ಬೆಳಿಗ್ಗೆ ಐದಕ್ಕೆ ಹೊರಡುತ್ತೇವೆ.

ಸಂಯು